ಒಂದು ಒತ್ತಿನ ದೂರ

ವಾಳಪೈ ದಾಟಿ, ಗೇರುಗುಡ್ಡದ ಬೆನ್ನಿಗೆ ಅಂಟಿಕೊಂಡ
ನಮ್ಮ ಆರೋಗ್ಯ ಕೇಂದ್ರಕ್ಕೆ ಒಂದೇ ಬಾಗಿಲು.
ಲಸಿಕೆಯ ಕೂಸು, ಸಕ್ಕರೆಯ ಮುದುಕ, ನಾಯಿ ಕಚ್ಚಿದವನು,
ಎಲ್ಲರೂ ಅದರಲ್ಲೇ ಬರಬೇಕು.
ಒಳಗೆ ಬಲಕ್ಕೆ ನಾನು, ಕೇಸ್ ಪೇಪರ್ ಬರೆಯುವವಳು,
ಬ್ಯಾಡಗಿಯಿಂದ ಮದುವೆಯಾಗಿ ಬಂದವಳು.
ಕನ್ನಡದವರು ಬಂದರೆ ಸಿಸ್ಟರ್ ಅರ್ಲಿಂಡಾ ಕೂಗುವುದು ನನ್ನನ್ನೇ.
ಆ ಕೆಲಸಕ್ಕೆ ಸಂಬಳವಿಲ್ಲ.

ಗುರುವಾರ ಮನಸ್ಸಿನ ಡಾಕ್ಟರು ಬರುತ್ತಾರೆ.
ಬೇರೆ ಕೋಣೆಯಿಲ್ಲ, ಬೋರ್ಡಿಲ್ಲ.
ಲಸಿಕೆಯ ಐಸ್ ಪೆಟ್ಟಿಗೆಯ ಪಕ್ಕ ಒಂದು ಮೇಜು,
ಯಾರದೋ ಮದುವೆ ಚಪ್ಪರದಲ್ಲಿ ಉಳಿದ ಹಸಿರು ಪರದೆ.

ಮೊದಲು ಬಾಂಬೋಳಿಗೆ ಹೋಗಬೇಕಿತ್ತು.
ಎರಡು ಬಸ್ಸು, ಒಂದು ದಿನದ ಕೂಲಿ,
ಯಾವ ಸ್ಟಾಪಿನಲ್ಲಿ ಇಳಿಯುತ್ತೀಯೆಂದು ನೋಡುವ ಕಂಡಕ್ಟರನ ಕಣ್ಣು.
ಈಗ ಅಂಗಡಿಯ ಮುಂದೆ ಯಾರು ಕೇಳಿದರೂ
ಬಿ.ಪಿ. ನೋಡಿಸಿಕೊಂಡು ಬಂದೆ ಎಂದರಾಯಿತು.
ನಮ್ಮೂರಿನಷ್ಟು ಬಿ.ಪಿ. ಇರುವ ಊರು
ಇಡೀ ಸತ್ತರಿಯಲ್ಲಿಲ್ಲ.

ಚಂಪಲಿಬಾಯಿ ಬಂದದ್ದು ಕೂಸಿನ ಸೂಜಿಗೆ.
ಚಿರೇಕಲ್ಲಿನ ಕೆಂಪು ಧೂಳು ಹುಬ್ಬಿನ ತನಕ.
ಎದೆಯೊಳಗೆ ಇರುವೆ ಹರಿದಾಡುತ್ತವೆ ಎಂದಳು.
ಲಂಬಾಣಿಯಲ್ಲಿ ನೊಂದು ಕನ್ನಡದಲ್ಲಿ ಅವಳು ಹೇಳಿದ್ದನ್ನು
ನಾನು ಕೊಂಕಣಿ ಮಾಡಿದೆ,
ಡಾಕ್ಟರ್ ಪ್ರಭುಗಾಂವಕರ ಇಂಗ್ಲಿಷಿನಲ್ಲಿ ಬರೆದುಕೊಂಡರು.
ಇಷ್ಟು ಹೊಳೆ ದಾಟುವಷ್ಟರಲ್ಲಿ
ಎಷ್ಟು ಇರುವೆ ಬದುಕಿ ಉಳಿದವೋ.

ಫಾರಂ ಕೇಳುತ್ತದೆ: ಕಳೆದ ಎರಡು ವಾರದಲ್ಲಿ
ಎಷ್ಟು ದಿನ ಮನಸ್ಸು ಭಾರವಾಗಿತ್ತು?
"ಭಾರ ಅಂದ್ರ ಎಷ್ಟು ಭಾರ ರೀ ಅಕ್ಕಾರ?
ದಿನಾ ಕಲ್ಲು ಹೊರತೀನಿ, ತಲಿ ಮ್ಯಾಲೆ.
ಅದಕಿಂತ ಹೆಚ್ಚೋ, ಕಡಿಮಿಯೋ?"
ಏನಂತೆ, ಎಂದರು ಡಾಕ್ಟರು.
ಜಡ, ಎಂದೆ.

ಕೊಂಕಣಿಯಲ್ಲಿ ಜಡ ಎಂದರೆ ಭಾರ.
ನಮ್ಮ ಕಡೆ ಜಡ್ಡು ಎಂದರೆ ರೋಗ.
ನಡುವೆ ಇರುವುದು ಒಂದು ಒತ್ತಿನ ದೂರ.
ಆ ಒತ್ತು ಯಾವತ್ತು ಬಿತ್ತೆಂದು
ಹೊತ್ತವರು ಹೇಳಲಾರರು.

ಮೂರನೆಯ ಗುರುವಾರ ಗಂಡ ರೇಖಪ್ಪ.
ಬೆಳಿಗ್ಗೆಯೇ ಉರಾಕಿನ ವಾಸನೆ; ನನಗೆ ಬರೀ ಬಿ.ಪಿ. ಸಾಕು ಎಂದ.
ಸಿಸ್ಟರ್ ತೋಳಿಗೆ ಪಟ್ಟಿ ಸುತ್ತಿದರು, ಬುರುಡೆ ಒತ್ತಿದರು,
ಕಣ್ಣು ಮುಳ್ಳಿನ ಮೇಲೆ, ಅವನ ಮೇಲಲ್ಲ,
ದೊಡ್ಡ ಹುಡುಗ ಥಾವರ್ಯಾ ಹೇಗಿದ್ದಾನೆ ಎಂದು
ನನ್ನ ಬಾಯಿಂದ ಕೇಳಿಸಿದರು.
ಅವನು ಬಹಳ ಹೊತ್ತು ಐಸ್ ಪೆಟ್ಟಿಗೆ ನೋಡಿದ.
"ನಾ ಕುಡದ ಬಂದು ಬಾಗಲಾ ಬಡದ್ರ
ಅಂವ ಹಾಸಿಗ್ಯಾಗ ಉಚ್ಚಿ ಹೊಯ್ಕೋತಾನ್ರಿ."
ಪಟ್ಟಿಯ ಗಾಳಿ ಆಗಲೇ ಇಳಿದಿತ್ತು.
ಸಿಸ್ಟರ್ ಅದನ್ನು ಬಿಚ್ಚಲಿಲ್ಲ.

ಇದನ್ನು ನಾನು ಕೊಂಕಣಿ ಮಾಡಲಿಲ್ಲ.
ಯಾರೂ ಕೇಳಲೂ ಇಲ್ಲ.

ನಾಲ್ಕು ಕೇಸ್ ಪೇಪರಿಗೆ ಒಂದು ಪಿನ್ನು ಹೊಡೆದೆ:
ಅವ್ವ, ಅಪ್ಪ, ಥಾವರ್ಯಾ, ಹೆಸರಿಡದ ಕೂಸು.
ವಾಸಿಯಾಯಿತೆಂದು ಬರೆಯಲಾರೆ.
ರೇಖಪ್ಪ ಎರಡು ವಾರ ಬಿಟ್ಟ, ಒಂದು ವಾರ ಕುಡಿದ.
ಮಳೆಗಾಲದಲ್ಲಿ ಸಂಕ ಮುಳುಗಿ
ಡಾಕ್ಟರಿಲ್ಲ, ಗುಳಿಗೆಯೂ ಇಲ್ಲ. ಆಗ ಸಿಸ್ಟರ್ ಫೋನು ಹಚ್ಚಿ ಕೊಟ್ಟರೆ
ನಾನು "ಉಂಡಿಯೇನ?" ಎನ್ನುತ್ತಿದ್ದೆ, ಚಂಪಲಿ "ಹೂಂ" ಎನ್ನುತ್ತಿದ್ದಳು.
ರಿಜಿಸ್ಟರಿನಲ್ಲಿ ಇದಕ್ಕೆ ಕಾಲಮ್ಮಿಲ್ಲ.

ದೀಪಾವಳಿ ಕಳೆದು ಕ್ವಾರಿ ಮುಚ್ಚಿತು.
ಟೆಂಪೋ ಹತ್ತುವ ಮುನ್ನ ಆ ನಾಲ್ಕು ಹಾಳೆ ಇಸಿದುಕೊಂಡು
ಅಕ್ಕಿ ಡಬ್ಬಿಯ ತಳಕ್ಕೆ ಇಟ್ಟಳು.
ಮುಂದಿನ ಊರಿನ ದವಾಖಾನೆಗೆ ಬಾಗಿಲು ಎಷ್ಟಿವೆಯೋ.

ಸಂಜೆ ಪರದೆ ಮಡಚುತ್ತಿದ್ದೆ.
ಸಿಸ್ಟರ್ ಅರ್ಲಿಂಡಾ ಪಟ್ಟಿ ಎತ್ತಿಕೊಂಡು ನನ್ನತ್ತ ನೋಡಿದರು.
ನನಗೆ ಬಿ.ಪಿ. ಇಲ್ಲ ಎಂದೆ,
ಡಾಕ್ಟರೂ ಹೋದರಲ್ಲ ಎಂದೆ.
ಹನ್ನೊಂದು ವರ್ಷ ಮಂದಿಯ ಮಾತು ದಾಟಿಸಿದ ಬಾಯಿಗೆ
ತನ್ನದನ್ನು ಯಾವ ಭಾಷೆಯಲ್ಲಿ ಆಡಬೇಕೋ ತಿಳಿಯಲಿಲ್ಲ.
ತೋಳು ಆಗಲೇ ಮೇಜಿನ ಮೇಲಿತ್ತು.