ಕೊನೆಯ ಗಾಲಿಯ ಹಿಂದೆ

ನನ್ನದು ವ್ಯಾನು. ಬಿಳಿಯದು, ಬಾಗಿಲಿಗೆ ತುಕ್ಕು.
ಒಳಗೆ ಆರು ಬಿಡಿ ಗಾಲಿ, ಎರಡು ಚಿಪ್ಪು ಬಾಳೆಹಣ್ಣು,
ನೀರಿನ ಕ್ಯಾನು, ತೊಡೆಗೆ ಹಚ್ಚುವ ಮುಲಾಮು,
ಯಾರದೋ ಒದ್ದೆ ಕಾಲುಚೀಲ.
ಡೋರ್ಗಾಲಿ ಬಿಟ್ಟಾಗಿನಿಂದ ಮೊದಲನೇ ಗೇರು;
ಏರು, ಏರು, ಬರೀ ಏರು.

ಎಲ್ಲರ ಮುಂದೆ ನನ್ನ ತಮ್ಮ ಗೊನಾರಿಯೊ.
ವಯಸ್ಸು ಐವತ್ತಮೂರು, ಕಾಲು ಇನ್ನೂ ಮೂವತ್ತರವು.
ಅವನ ಬೆನ್ನಿಗೆ ಈ ವಾರದ ಹನ್ನೊಂದು ಜನ:
ಘೆಂಟಿನ ಹಲ್ಲಿನ ಡಾಕ್ಟರು,
ಬಾಯಿಬಿಡದೆ ಪಂದ್ಯ ಕಟ್ಟಿಕೊಂಡ ಡೇನಿಷ್ ಅಕ್ಕತಂಗಿ,
ಮೂವತ್ತು ವರ್ಷ ಬಸ್ ಓಡಿಸಿ
ಈಗ ಬಸ್ಸು ಕಂಡರೆ ಬಯ್ಯುವ ಲೀಡ್ಸಿನವ,
ಇನ್ನೂ ಯಾರು ಯಾರೋ.
ಕಟ್ಟಕಡೆಗೆ, ಯಾವಾಗಲೂ ಕಟ್ಟಕಡೆಗೆ, ಓಡಿಲ್.
ಲಿಯೇಜಿನಲ್ಲಿ ಪಿಯಾನೊಗಳಿಗೆ ಶ್ರುತಿ ಕೂಡಿಸುವವಳು.
ಅರವತ್ತೆಂಟು.
ವ್ಯಾನು ಹತ್ತಿ ಅಂದರೆ ಒಂದೇ ಬೆರಳು ಅಲ್ಲಾಡಿಸುತ್ತಾಳೆ,
ಬೇಡ ಎನ್ನಲು ಉಸಿರು ಖರ್ಚು ಮಾಡುವುದಿಲ್ಲ.

ಮೊದಲ ದಿನ ಗೊನಾರಿಯೊ ಕಲಿಸುವುದು ಕೈಯ ಭಾಷೆ.
ಅಂಗೈ ಎತ್ತಿದರೆ ನಿಲ್ಲಿ.
ಬೆನ್ನ ಹಿಂದೆ ಬೀಸಿದರೆ ಸರಿಯಿರಿ.
ನೆಲಕ್ಕೆ ಬೆರಳು ಮಾಡಿದರೆ ಅಲ್ಲಿ ಹಳ್ಳ.
ಕಂಡವರು ಹಿಂದಿನವರಿಗೆ, ಅವರು ತಮ್ಮ ಹಿಂದಿನವರಿಗೆ.
"ಮುಂದಿನವರ ಬೆನ್ನು ಬಿಟ್ಟು ನಿಮಗೇನೂ ಕಾಣದು,
ನಂಬಬೇಕು" ಎನ್ನುತ್ತಾನೆ.
ವಾರವಾರವೂ ಅದೇ ಮಾತು, ಅದೇ ನಗು.

ಜೆನ್ನಾ ಸಿಲಾನಾ ಕಣಿವೆಯ ನೆತ್ತಿಯಲ್ಲಿ ಗಾಳಿ.
ಫಲಕಕ್ಕೆ ಆತು ಎಲ್ಲರೂ ಪಟ ತೆಗೆಸಿಕೊಂಡರು.
ಹಂದಿಗಳು ಬಂದು ಬಾಳೆಸಿಪ್ಪೆ ತಿಂದವು.
ಗೋಧಿತೆನೆಯಂತೆ ಅಂಚು ಹೆಣೆದ ಆಲೂಗಡ್ಡೆ ಕಡುಬು
ರಾತ್ರಿಗೆ ಇದೆ ಎಂದೆ; ಲೀಡ್ಸಿನವ ಕೈ ಮುಗಿದ.

ಇನ್ನು ಇಳಿಜಾರು.
ನಾಲ್ಕನೇ ತಿರುವಿನಲ್ಲಿ ಕೆಂಪು ಮನೆ,
ರಸ್ತೆ ಕಾಯುವವನದು. ಹೆಂಚಿಲ್ಲ,
ಅಡುಗೆಮನೆ ಕಿಟಕಿಯಿಂದ ಅಂಜೂರದ ಕೊಂಬೆ ಇಣುಕುತ್ತದೆ.
"ಎಂಥ ಬಣ್ಣ!" ಅಂದರು ಡಾಕ್ಟರು.
ನಾವು ಅಲ್ಲಿ ಹುಟ್ಟಿದವರು. ಮೂವರು.

ಅಪ್ಪನ ಪಾಲಿಗೆ ಎಂಟು ಕಿಲೋಮೀಟರು ರಸ್ತೆ,
ಒಂದು ಸಲಿಕೆ, ಒಂದು ಕೈಗಾಡಿ,
ನೀಲಿ ರಟ್ಟಿನ ಪುಸ್ತಕ.
ಉರುಳಿದ ಕಲ್ಲು, ಕಟ್ಟಿದ ಮೋರಿ, ಸತ್ತ ಮೇಕೆ,
ಎಲ್ಲವನ್ನೂ ತಾರೀಖು ಹಾಕಿ ಬರೆಯಬೇಕು.
ಎಂಬತ್ತೊಂದರ ಫೆಬ್ರವರಿ, ಶುಕ್ರವಾರ:
ಐದನೇ ತಿರುವು, ಬಲ ಅಂಚು, ಮೊಳದುದ್ದ ಹಳ್ಳ.
ಸೋಮವಾರ ಮುಚ್ಚುವುದು.
ಶನಿವಾರ ಮಬ್ಬಿನಲ್ಲಿ ನಮ್ಮ ದೊಡ್ಡವ ಲುಸ್ಸೋರಿಯೊ
ಅಪ್ಪನ ಸೈಕಲ್ ಏರಿ ಹಾಲಿಗೆ ಹೋದ.

ಅವತ್ತೇ ರಾತ್ರಿ ಅಪ್ಪ ಡಾಂಬರು ಕಾಯಿಸಿದ.
ಲಾಟೀನು ನಾನು ಹಿಡಿದಿದ್ದೆ.
ಮನೆಗೆ ಬಂದು ಪುಸ್ತಕ ತೆರೆದು
ಸೋಮವಾರ ಹೊಡೆದುಹಾಕಿ
ಶನಿವಾರ ಅಂತ ಬರೆದ.
ಅಮ್ಮ ನೋಡುತ್ತಿದ್ದಳು.

ಆಮೇಲೆ ಮೂರು ಸಲ ರಸ್ತೆ ಹೊಸದಾಗಿದೆ.
ಐದನೇ ತಿರುವು ಈಗ ಊಟದ ತಟ್ಟೆಯಷ್ಟು ನುಣುಪು.
ಆದರೂ ಗೊನಾರಿಯೊನ ಬಲಗೈ ಕೆಳಗಿಳಿಯುತ್ತದೆ,
ಬೆರಳು ನೆಲಕ್ಕೆ ನೆಡುತ್ತದೆ,
ಡಾಕ್ಟರ ಬೆರಳು, ಅಕ್ಕನದು, ತಂಗಿಯದು,
ಇಲ್ಲದ ಬಂಡೆಯನ್ನು ಬಳಸುವ ನೀರಿನ ಹಾಗೆ
ಸಾಲಿಗೆ ಸಾಲೇ ಎಡಕ್ಕೆ ಬಾಗುತ್ತದೆ.
ಮೊನ್ನೆ ಒಬ್ಬ ಕೇಳಿಯೂ ಕೇಳಿದ, ಅಲ್ಲಿ ಯಾವ ಹಳ್ಳ?
"ಹಳೇದು" ಎಂದು ನನ್ನ ತಮ್ಮ ವೈನು ಬಗ್ಗಿಸಿದ.

ಓಡಿಲ್‌ಗೆ ಇಳಿಜಾರೆಂದರೆ ಭಯ.
ಎರಡೂ ಬ್ರೇಕು ಹಿಚುಕಿ, ಭುಜ ಕಿವಿಗೆ ಏರಿಸಿ,
ಮುಂದಿನವರಿಂದ ನೂರು ಮಾರು ಹಿಂದೆ ಬರುತ್ತಾಳೆ.
ಅವಳ ಹಿಂದೆ ಯಾರೂ ಇಲ್ಲ; ಅವಳಿಗೂ ಗೊತ್ತು.
ಆದರೂ ಐದನೇ ತಿರುವಿನಲ್ಲಿ
ತಂತಿಯ ಕೂದಲೆಳೆ ತಪ್ಪು ಹಿಡಿಯುವ ಆ ಬಲಗೈ
ಬ್ರೇಕು ಬಿಟ್ಟಿತು,
ನಡುಗುತ್ತ ನೆಲ ತೋರಿತು,
ಅಲ್ಲಿ.

ನಾನು ಸ್ಟೀರಿಂಗನ್ನು ಒಂದು ಗೇಣು ಎಡಕ್ಕೆ ತಿರುಗಿಸಿದೆ.
ಹಿಂದೆ ನೀರಿನ ಕ್ಯಾನು ಜಾರಿ
ಗಾಲಿಗಳಿಗೆ ತಾಗಿದ ಸದ್ದು.