ಮೂರನೆಯ ಕೈಗವಸು

ಕೈ ಎರಡೇ, ಆದರೂ ನಾನು ಮೂರು ಹೆಣೆಯುತ್ತೇನೆ:
ಎಡಕ್ಕೊಂದು, ಬಲಕ್ಕೊಂದು,
ತಾನೆಲ್ ಕಳೆದು ಬರುವುದಕ್ಕೊಂದು.
ಆ ಲೆಕ್ಕದಲ್ಲೇ ನೂಲು ತರುತ್ತೇನೆ
ವಿಲ್ಯಾಂಡಿಯ ಶನಿವಾರದ ಸಂತೆಯಿಂದ,
ಕುರಿಯ ವಾಸನೆ ಇನ್ನೂ ಬಿಡದ ಬೂದು ಉಂಡೆ,
ಅಂಚಿಗೆಂದು ಒಂದಿಷ್ಟು ಕೆಂಪು.

ಹಗಲು ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುವವಳು,
ರಾತ್ರಿ ಕುಣಿಕೆ.
ಎರಡೂ ಎಣಿಕೆಯೇ ತಾನೆ ಅನ್ನುತ್ತಾನೆ ಊರ್ಮಸ್
ಬಸ್ಸಿನ ಕೀಲಿ ಮೊಳೆಗೆ ತಗುಲಿಸುತ್ತ.
ಅಲ್ಲ ಮಾರಾಯ.
ಅಲ್ಲಿ ತಪ್ಪಿದರೆ ಯಾರದೋ ಜ್ವರ ಇಳಿಯದು,
ಇಲ್ಲಿ ತಪ್ಪಿದರೆ ಎಳೆ ಹಿಡಿದು ಸರ್ರನೆ ಎಳೆದರಾಯಿತು,
ಒಂದಿಡೀ ಸಂಜೆ ಸುರುಳಿ ಸುರುಳಿಯಾಗಿ
ಮಡಿಲಿಗೆ ವಾಪಸು.

ಅತ್ತೆ ಸಾಲ್ಮೆಗೆ ಈ ಬಿಚ್ಚಾಟ ಸೇರದು.
'ತಪ್ಪು ಇರಲಿ ಬಿಡು,
ಹೆಣೆದವಳು ಯಾರೆಂದು ಮತ್ತೆ ಹೇಗೆ ತಿಳಿಯಬೇಕು?'
ಅವರಮ್ಮ ಮದುವೆಗೆ ಮುಂಚೆ
ಪೆಟ್ಟಿಗೆ ತುಂಬ ಕೈಗವಸು ಹೆಣೆದಿದ್ದರಂತೆ,
ಬೀಗರಿಗೆ, ಪಾದ್ರಿಗೆ, ಗಾಡಿ ಹೊಡೆದವನಿಗೂ.
ನನ್ನ ಪೆಟ್ಟಿಗೆಯಲ್ಲಿರುವುದು
ಊರ್ಮಸನ ಸ್ವೆಟರ್, ಆರು ವರ್ಷದಿಂದ ಒಂದೇ ತೋಳು.
ನಾನು ಎದೆ ಮುಗಿಸುವಷ್ಟರಲ್ಲಿ
ಅವನ ಹೊಟ್ಟೆ ಒಂದು ಅಳತೆ ಮುಂದೆ ಹೋಗಿರುತ್ತದೆ.

ಪಿರೆತ್‌ಗೆ ಹದಿನೈದು. ಉಣ್ಣೆ ಚುಚ್ಚುತ್ತದಂತೆ.
ಕಪ್ಪು ಟೋಪಿ ಬೇಕು, ಹೂವಿಲ್ಲ, ಬಳ್ಳಿಯಿಲ್ಲ,
ಅಮ್ಮ ಮಾಡಿದ್ದೆಂದು ಯಾರಿಗೂ ಗೊತ್ತಾಗಬಾರದು.
ಯಂತ್ರಕ್ಕೇ ನಾಚಿಕೆಯಾಗುವ ಹಾಗೆ ಹೆಣೆದುಕೊಟ್ಟೆ.
ಅಂಗಡಿಯದ್ದೇ ಅಂದುಕೊಂಡರು ಎಲ್ಲರೂ ಎಂದಳು ಬಂದು,
ಅದಕ್ಕಿಂತ ದೊಡ್ಡ ಹೊಗಳಿಕೆ
ನನಗೆ ಅಷ್ಟು ನೋವು ಮಾಡಿದ್ದಿಲ್ಲ.

ಏಪ್ರಿಲ್. ದಾರಿ ಬದಿಯ ಹಿಮ
ಕೊಳೆ ಸಕ್ಕರೆಯ ಹಾಗೆ ಕರಗುತ್ತಿತ್ತು.
ಶಾಲೆಯ ಆಯಾ ಹೆಲ್ಯುಗೆ ಈ ವರ್ಷ ನಿವೃತ್ತಿ.
ಸಿಕ್ಕಿದ್ದನ್ನೆಲ್ಲ ಆರು ಚಳಿಗಾಲ ಕೂಡಿಟ್ಟ ಡಬ್ಬ
ತೆಗೆದು ಸುರಿದು
ಬೇಲಿಯ ಒಂದೊಂದು ಗೂಟಕ್ಕೂ ಒಂದೊಂದು ಕೈಗವಸು ತೊಡಿಸಿದ್ದಾಳೆ.
ಬೇಲಿಗೆ ಬೇಲಿಯೇ ಕೈಯೆತ್ತಿ ನಿಂತಿದೆ,
ಉತ್ತರ ಗೊತ್ತಿರುವ ತರಗತಿಯಂತೆ.

ಅದರಲ್ಲಿ ಹನ್ನೊಂದು ನನ್ನವು.
ಇದು ಒಂದನೇ ತರಗತಿಯದ್ದು, ಕೋಳಿಮೊಟ್ಟೆಯಷ್ಟು ಹೆಬ್ಬೆರಳು.
ಇದು ಗಟ್ಟಿ, ಹಲಗೆಯಂತೆ ಬಿಗಿ:
ಸಾಲ್ಮೆ ಆಸ್ಪತ್ರೆಯಲ್ಲಿದ್ದ ತಿಂಗಳು,
ಕಾಯುವ ಬೆಂಚಿನ ಮೇಲೆ ಹೆಣೆದದ್ದು.
ಇದು ಸಡಿಲ. ಆ ಜನವರಿ ಏನಾಗಿತ್ತೋ ನೆನಪಿಲ್ಲ,
ಏನೂ ಆಗದೆ ಸುಖವಾಗಿದ್ದೆವೇನೋ.

ಮನೆಗೆ ತಂದು ಡ್ರಾಯರಿನ ಒಂಟಿಗಳ ಪಕ್ಕ ಜೋಡಿಸಿದೆ.
ಎಲ್ಲದಕ್ಕೂ ಜೊತೆ ಸಿಕ್ಕಿತು,
ಯಾವುದಕ್ಕೂ ಕೈ ಸಿಗಲಿಲ್ಲ.
ತಾನೆಲ್ ಒಂದರೊಳಗೆ ಎರಡು ಬೆರಳು ತೂರಿಸಿ
ಗೊಂಬೆಯಂತೆ ಕುಣಿಸಿದ. ಆಮೇಲೆ,
ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ನನ್ನ ಮುಖ ನೋಡದೆ:
'ಎಲ್ಲವನ್ನೂ ಕಳೆದದ್ದಲ್ಲಮ್ಮ.
ಮಿಹ್ಕೆಲ್ ಹತ್ತಿರ ಇರಲಿಲ್ಲ.
ಅವನಿಗೊಂದು ನನಗೊಂದು,
ಇನ್ನೊಂದು ಕೈ ಜೇಬಿನಲ್ಲಿ.
ಮನೆಯ ಹತ್ತಿರ ಬಂದಾಗ ಅವನು ತೆಗೆದು
ಬೇಲಿಯೊಳಗೆ ಎಸೆಯುತ್ತಿದ್ದ,
ಅವರಮ್ಮ ಕೇಳುತ್ತಾಳೆ ಅಂತ.'

ಮಿಹ್ಕೆಲ್ ಮನೆಯವರು ಫಿನ್ಲೆಂಡಿಗೆ ಹೋಗಿ ಎರಡು ವರ್ಷ.
ಒಮ್ಮೆ ನಮ್ಮಲ್ಲಿ ಊಟಕ್ಕೆ ಕೂತಿದ್ದ,
ಕೈ ಎರಡೂ ಮೇಜಿನ ಕೆಳಗೆ.
ಹಸಿವಿಲ್ಲವೇನೋ ಅಂದುಕೊಂಡಿದ್ದೆ ನಾನು,
ಇಷ್ಟೆಲ್ಲ ಎಣಿಸುವವಳು.

ಮೇಜಿನ ಮೇಲೆ ಕೈ ಇಡು ಎಂದೆ ತಾನೆಲ್‌ಗೆ.
ಬ್ರೆಡ್ಡಿನ ಕಾಗದದ ಚೀಲ ಹರಿದು ಹಾಸಿ
ಬೆರಳ ಸುತ್ತ ಪೆನ್ಸಿಲ್ ಎಳೆದೆ.
ಹನ್ನೆರಡಕ್ಕೇ ನನ್ನಷ್ಟಾಗಿದೆ ಅವನ ಕೈ.
ಹೆಬ್ಬೆರಳ ಬುಡದಲ್ಲಿ ಕಚಗುಳಿಯಾಗಿ ನಕ್ಕುಬಿಟ್ಟ,
ಗೆರೆ ಅಲ್ಲಿ ಒಂದಿಷ್ಟು ಸೊಟ್ಟಗಾಗಿದೆ.
ರಬ್ಬರು ಪಕ್ಕದಲ್ಲೇ ಇತ್ತು.