ಕಿವಿಗಲ್ಲು

ಮೀನಿನ ಕಿವಿಯೊಳಗೂ ಒಂದು ಕಲ್ಲಿದೆ,
ಅವರೆಕಾಳಿನಷ್ಟು.
ಅಡ್ಡಕ್ಕೆ ಮುರಿದು ದೀಪದ ಕೆಳಗಿಟ್ಟರೆ
ಮರದ ಕಾಂಡದಂತೆ ಉಂಗುರಗಳು:
ಹೊಟ್ಟೆ ತುಂಬಿದ ವರ್ಷ ಅಗಲ,
ಹಸಿದ ವರ್ಷ ಕೂದಲೆಳೆ.
ಮೂವತ್ತೊಂದು ವರ್ಷ ನಾನು ಮಾಡಿದ್ದು ಇಷ್ಟೇ,
ಸತ್ತವರ ವಯಸ್ಸು ಎಣಿಸಿದ್ದು.

ನ್ಯೂಫೌಂಡ್‌ಲ್ಯಾಂಡಿನ ಬಂಡೆಗೆ ಕಚ್ಚಿಕೊಂಡ ನಮ್ಮ ಕೊಲ್ಲಿಯಲ್ಲಿ
ಕಾಡ್ ಅನ್ನು ಯಾರೂ ಕಾಡ್ ಅನ್ನುವುದಿಲ್ಲ.
ಮೀನು ಅಂದರೆ ಅದೇ.
ಉಳಿದವಕ್ಕೆಲ್ಲ ಹೆಸರಿಟ್ಟಿದ್ದೇವೆ.

ಅಪ್ಪ, ಆಂಬ್ರೋಸ್ ಕೀಪಿಂಗ್,
ದೋಣಿಯ ಅಂಚಿಗೆ ಚಾಕುವಿನಿಂದ ಒಂದು ಗೆರೆ ಕೊರೆದಿದ್ದ.
ಗೆರೆ ಮುಟ್ಟದ ಮೀನು ಮರಳಿ ನೀರಿಗೆ.
ಆಮೇಲೆ ಒಟ್ಟಾವಾದಿಂದ ಕಾನೂನು ಬಂತು,
ಅದೇ ಗೆರೆ, ಮೊಹರು ಒತ್ತಿದ್ದು:
ಬಲೆಯ ಕಣ್ಣು ಅಗಲವಿರಲಿ,
ಮರಿ ನುಸುಳಲಿ, ದೊಡ್ಡದು ಸಿಗಲಿ.
ಅಪ್ಪ ಖುಷಿಪಟ್ಟ. ನಾನೂ.
ಮರಿಯನ್ನು ಬಿಡುವುದು ತಪ್ಪೆಂದು
ಯಾರಿಗೆ ಹೊಳೆದೀತು?

ಕಾನೂನನ್ನು ಸರಿಯಾಗಿ ಓದಿದ್ದು ಮೀನು.
ಇಲ್ಲ, ತಿದ್ದಿಕೊಳ್ಳುತ್ತೇನೆ,
ಯಾವ ಮೀನೂ ಏನನ್ನೂ ಓದಲಿಲ್ಲ.
ನಿಧಾನ ಬೆಳೆದು ಎಂಟಕ್ಕೆ ತಾಯಾಗಬೇಕಿದ್ದ ದೊಡ್ಡವಳು
ಬಲೆಯೊಳಗೇ ಉಳಿದಳು, ಮೊಟ್ಟೆಯಿಡುವ ಮುನ್ನ.
ಗಿಡ್ಡಿ, ಅವಸರದವಳು, ನಾಲ್ಕಕ್ಕೇ ಹೆತ್ತವಳು
ಕಣ್ಣಿನಿಂದ ಜಾರಿದಳು,
ಅವಸರವನ್ನೇ ಮಕ್ಕಳಿಗೆ ಆಸ್ತಿ ಬಿಟ್ಟು.
ಮುಂದಿನ ಬೇಸಿಗೆಯೂ ಅಷ್ಟೇ. ಅದರ ಮುಂದಿನದೂ.
ಇದಕ್ಕೆ ಯಾರೂ ಯೋಚಿಸಬೇಕಾಗಿರಲಿಲ್ಲ.

ಚರ್ಚಿನ ಹಾಲಿನಲ್ಲಿ ಸಭೆ.
ಒದ್ದೆ ಉಣ್ಣೆಯ ವಾಸನೆ, ಕಾದು ಕಾದು ಕಪ್ಪಾದ ಚಹಾ.
ನಾನು ಎದ್ದು ವಿಕಾಸ ಎಂಬ ಒಂದೇ ಒಂದು ಪದ ಆಡಿದೆ.
ಗಾರ್ಲೆಂಡ್ ಸ್ಟಕ್‌ಲೆಸ್ ಟೋಪಿ ತೆಗೆದು ಮೇಜಿಗಿಟ್ಟ:
"ಥರ್ಜಾ, ಮಂಗನ ಕತೆ ಇಲ್ಲಿ ಬೇಡ.
ದೇವರ ಮೀನು ದೇವರು ಮಾಡಿದ ಹಾಗೇ ಇದೆ."
ಅಂದವನು ಕೂರಲಿಲ್ಲ.
ತೋಳು ಚಾಚಿ ಒಂದು ಮೊಳ ತೋರಿಸಿದ.
"ನಮ್ಮಪ್ಪನ ಕಾಲಕ್ಕೆ ಇಷ್ಟುದ್ದದ್ದು ಕೂಸು.
ಈಗ ಸೀಳಿದರೆ ಹೊಟ್ಟೆ ತುಂಬ ತತ್ತಿ.
ಕೂಸೇ ಕೂಸು ಹೆರುತ್ತಿದೆ, ಸ್ವಾಮೀ.
ಅದನ್ನು ಬರಕೊಳ್ಳಿ."

ನನ್ನ ಮೂವತ್ತೊಂದು ವರ್ಷ
ಅವನ ಒಂದು ಮೊಳದಲ್ಲಿ ಮುಗಿದಿತ್ತು.

ಇಲಾಖೆಯ ಹುಡುಗ ಬರಕೊಳ್ಳಲಿಲ್ಲ.
ನಮೂನೆಯಲ್ಲಿ ಎಷ್ಟು ಟನ್ ಎಂಬ ಖಾನೆಯಿತ್ತು,
ಎಂಥ ಮೀನು ಎಂಬುದಕ್ಕೆ ಜಾಗವಿರಲಿಲ್ಲ.
ಯೋಜನೆಗೆ ಐದು ವರ್ಷ, ಮಂತ್ರಿಗೆ ನಾಲ್ಕು.
ಮೀನಿಗೂ ಈಗ ನಾಲ್ಕೇ.

ಎಲ್ಲ ಹೋದ ಮೇಲೆ ಅವನೇ ಕಪ್ಪು ತೊಳೆಯುತ್ತ ಕೇಳಿದ:
ಬಲೆ ಎತ್ತಿಬಿಟ್ಟರೆ ಮೊದಲಿನಂತಾಗುತ್ತದೆಯೇ?
ಮೀನಿನ ಸಂಖ್ಯೆ ಮರಳಬಹುದು, ಎಂದೆ.
ತಾಳ್ಮೆ ಮರಳಲು ಎಷ್ಟು ತಲೆಮಾರು ಬೇಕೋ ತಿಳಿಯದು.
ಕಣ್ಣು ಅಗಲವಾದರೆ ಸಾಲದು,
ದೊಡ್ಡ ಮುದುಕಿಯರನ್ನೂ ಬಿಡುವ ಕಣ್ಣು ಬೇಕು.
ಅಂಥ ಬಲೆ ಹೆಣೆಯುವವರು ಯಾರು,
ಅವನು ಕೇಳಲಿಲ್ಲ. ನನಗೂ ಹೇಳಲು ಬರುತ್ತಿರಲಿಲ್ಲ.

ಅಪ್ಪನ ದೋಣಿ ದಡದಲ್ಲಿ ಬೋರಲು ಬಿದ್ದಿದೆ.
ಬಗ್ಗಿ ನೋಡಿದರೆ ಗೆರೆ ಇನ್ನೂ ಇದೆ.
ಮೀನು ಅದರ ಕೆಳಗೆ ಒಕ್ಕಲಾಗಿದೆ.

ಬೆಳಗ್ಗೆ ಬಾಗಿಲಲ್ಲಿ ಒಂದು ಬಕೆಟ್ಟು,
ಮೇಲೆ ಗಾರ್ಲೆಂಡನ ಟೋಪಿ ಮುಚ್ಚಿದ್ದು.
ಒಳಗೆ ಐದು ತಲೆ. ಚೀಟಿ ಗೀಟಿ ಇಲ್ಲ.
ಮುರಿದೆ, ದೀಪ ಹಚ್ಚಿದೆ, ಎಣಿಸಿದೆ.
ನಾಲ್ಕು. ನಾಲ್ಕು. ಐದು. ನಾಲ್ಕು.
ಒಂಬತ್ತು.
ಆ ಒಂಬತ್ತನ್ನು ಮತ್ತೆ ಎಣಿಸಿದೆ.
ಅವಳ ಕಲ್ಲು ಕಿಟಕಿಯ ಕಟ್ಟೆಯ ಮೇಲಿದೆ.
ಟೋಪಿ ವಾಪಸು ಕೊಡಲು ಹೋಗಬೇಕು.